ಸ್ವಪ್ನಾ ಯಾಕೆ ಪಾಸು ಕೊಡುವುದಿಲ್ಲ

ತಾನು ಆಡದ ಆಟದ ಬಗ್ಗೆ ಗಂಟೆಗಟ್ಟಲೆ ಮಾತಾಡುವುದರಲ್ಲಿ ಎಂಥ ಸುಖವಿದೆ ಎಂಬುದು ಆಡುವವರಿಗೆ ಗೊತ್ತಿರಲಾರದು. ಪಾಪ, ಅವರ ಪಾಲಿಗೆ ಬಂದಿರುವುದು ಏದುಸಿರು, ಬಿಸಿಲು, ಮೊಣಕಾಲು ನೋವು. ನಮ್ಮ ಪಾಲಿಗೆ ಚಹಾ, ಕುರ್ಚಿ ಮತ್ತು ಯಾವತ್ತೂ ತಪ್ಪಾಗದ ಅಭಿಪ್ರಾಯ. ನಾನು ಹುಟ್ಟಿ ಬೆಳೆದ ಬೀದರಿನ ಓಣಿಯಲ್ಲಿ ಫುಟ್ಬಾಲ್ ಎನ್ನುವ ವಸ್ತುವನ್ನು ಯಾರೂ ಕಂಡವರಿರಲಿಲ್ಲ. ಶಾಲೆಯಲ್ಲಿ ಕಬಡ್ಡಿ ಆಡುತ್ತಿದ್ದರು. ಅದರಲ್ಲಿ ನನ್ನ ಪಾತ್ರವೆಂದರೆ ಆಡುವವರು ಕಳಚಿಟ್ಟ ಅಂಗಿ ಚಪ್ಪಲಿಗಳನ್ನು ನಾಯಿ ಎಳೆದುಕೊಂಡು ಹೋಗದಂತೆ ಕಾಯುವುದು. ಅಂಥ ನಾನು ಇವತ್ತು ಹೈದರಾಬಾದಿನ ಬಾಲಾನಗರದಲ್ಲಿ ನಮ್ಮ ಕಾಲನಿಯ ಹುಡುಗಿಯರ ಫುಟ್ಬಾಲ್ ತಂಡದ ಕಮಿಟಿ ಸದಸ್ಯ. ಹೇಗಾದೆ ಎಂದು ಕೇಳಿದರೆ ಹೇಳುವುದು ಸುಲಭ. ಮಗಳು ವೈಶಾಲಿ ಆ ತಂಡದಲ್ಲಿ ಆಡುತ್ತಾಳೆ. ಬೆಳಿಗ್ಗೆ ಅವಳನ್ನು ಸ್ಕೂಟರಿನಲ್ಲಿ ಮೈದಾನಕ್ಕೆ ಬಿಡುವವನು ನಾನು. ಬಿಟ್ಟವನು ಒಂದು ದಿನ ಹಾಗೇ ನಿಂತೆ. ನಿಂತವನು ಸುಮ್ಮನಿರಲಾರದೆ ಒಂದೆರಡು ಸಲಹೆ ಕೊಟ್ಟೆ. ಸಲಹೆ ಕೊಡುವವನ ಬಾಯಿ ಮುಚ್ಚಿಸಲು ನಮ್ಮ ದೇಶದಲ್ಲಿರುವ ಉಪಾಯ ಒಂದೇ, ಅವನನ್ನು ಕಮಿಟಿಗೆ ಹಾಕುವುದು. ನನ್ನ ವಿಷಯದಲ್ಲಿ ಆ ಉಪಾಯವೂ ಫಲಿಸಲಿಲ್ಲ, ಆ ಮಾತು ಬೇರೆ.

ಕಮಿಟಿ ಎಂದರೆ ನಾವು ಮೂರೇ ಜನ. ನರ್ಸಿಂಗ್ ಗಾರು ತಂಡದ ಕೋಚ್. ಇಲ್ಲೇ ಹಿಂದಿನ ಬೀದಿಯಲ್ಲಿ ಅವರದೊಂದು ಲೇತ್ ಯಂತ್ರದ ವರ್ಕ್‌ಶಾಪಿದೆ. ಹರೆಯದಲ್ಲಿ ನಿಜವಾಗಿಯೂ ಫುಟ್ಬಾಲ್ ಆಡಿದವರು, ಆದ್ದರಿಂದ ಕಮಿಟಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುತ್ತಾರೆ. ಎರಡನೆಯವರು ಖಲೀಲ್ ಭಾಯಿ, ಮೂಲೆಯ ಇರಾನಿ ಹೋಟೆಲಿನ ಮಾಲೀಕರು. ಸಭೆ ನಡೆಯುವುದು ಅವರ ಹೋಟೆಲಿನಲ್ಲೇ ಆದ್ದರಿಂದ ಅವರನ್ನು ಬಿಟ್ಟು ಕಮಿಟಿ ಮಾಡುವುದು ಸಾಧ್ಯವಿರಲಿಲ್ಲ. ಮೂರನೆಯವನು ನಾನು. ಬೇಗಂಪೇಟೆಯ ಒಂದು ಆಫೀಸಿನಲ್ಲಿ ಸೂಪರಿಂಟೆಂಡೆಂಟ್. ಅಲ್ಲಿ ಇಡೀ ದಿನ ತೆಲುಗು, ಹಿಂದಿ. ಮನೆಗೆ ಬಂದರೆ ಕನ್ನಡ. ಹೊಸ್ತಿಲೊಳಗೆ ಬೇರೆ ಭಾಷೆ ಕೂಡದು ಎಂದು ಮಗಳು ತೊಟ್ಟಿಲಲ್ಲಿದ್ದಾಗಲೇ ನಾನು ಕಾನೂನು ಮಾಡಿದ್ದೆ. ಅವಳು ಬೀದಿಯಲ್ಲಿ ಹುಡುಗಿಯರ ಜೊತೆ ತೆಲುಗಿನಲ್ಲಿ ಜಗಳವಾಡುತ್ತ ಬಂದು, ಚಪ್ಪಲಿ ಬಿಡುವಷ್ಟರಲ್ಲಿ ಕನ್ನಡಕ್ಕೆ ತಿರುಗಿ, ಉಳಿದ ಜಗಳವನ್ನು ತಾಯಿಯ ಜೊತೆ ಮುಗಿಸುತ್ತಾಳೆ.

ಈ ಸಲ ಸೀಸನ್ ಶುರುವಾಗುವ ಮುಂಚೆ ನಮ್ಮ ಕಮಿಟಿಯ ಎದುರಿಗೆ ಇದ್ದದ್ದು ಒಂದೇ ಸಮಸ್ಯೆ. ನಮ್ಮ ತಂಡದ ಮುಂದಿನ ಸಾಲಿನಲ್ಲಿ ಮೂವರು ಹುಡುಗಿಯರು ಚೆಂಡಿಗಾಗಿ ಕಾದು ನಿಂತಿರುತ್ತಾರೆ. ಅವರಲ್ಲಿ ನಡುವಿನವಳು ನಮ್ಮ ವೈಶಾಲಿ. ಕಾಯುತ್ತಾರೆ, ಕೈ ಎತ್ತುತ್ತಾರೆ, ಕೂಗುತ್ತಾರೆ, ಚೆಂಡು ಮಾತ್ರ ಬರುವುದಿಲ್ಲ. ಹೋದ ಸೀಸನ್ನಿನಲ್ಲಿ ನಾವು ಸೋತದ್ದೆಲ್ಲ ಹೀಗೇ. ಚೆಂಡು ಯಾಕೆ ಮುಂದಕ್ಕೆ ತಲುಪುವುದಿಲ್ಲ ಎಂದು ಯೋಚಿಸುತ್ತ ಕೂತರೆ, ತಪ್ಪು ತಗೊಳ್ಳುವವರದೋ ಕೊಡುವವರದೋ ಎಂಬ ಪ್ರಶ್ನೆ ಏಳುತ್ತದೆ. ಖಲೀಲ್ ಭಾಯಿ ತಗೊಳ್ಳುವವರ ತಪ್ಪು ಎನ್ನುವ ಪಕ್ಷ. "ಛೋರಿಯಾಂ ಖಡೀಚ್ ರಹತಿಯಾಂ ಸಾಬ್," ಹುಡುಗಿಯರು ನಿಂತಲ್ಲೇ ನಿಂತಿರುತ್ತಾರೆ, ಹಿಂದೆ ಬಂದು ಇಸಿದುಕೊಳ್ಳಬೇಕು ಎನ್ನುವುದು ಅವರ ವಾದ. ಇದನ್ನು ತೋರಿಸಿಕೊಡಲು ಅವರು ಮೇಜಿನ ಮೇಲೆ ಉಸ್ಮಾನಿಯಾ ಬಿಸ್ಕತ್ತುಗಳನ್ನು ಜೋಡಿಸಿ, ಸಕ್ಕರೆ ಬಟ್ಟಲನ್ನು ಗೋಲು ಮಾಡಿ, ಒಂದೊಂದನ್ನೇ ಸರಿಸುತ್ತ ಹೋದರು. ವಿಷಯ ಗಂಭೀರವಾಗಿತ್ತು, ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಅಷ್ಟರಲ್ಲಿ ಯಾರೋ ಗಲ್ಲಾಪೆಟ್ಟಿಗೆಯ ಹತ್ತಿರ ಕರೆದರು. ಮಾತಿನ ಭರದಲ್ಲಿದ್ದ ಖಲೀಲ್ ಭಾಯಿ ಏಳುತ್ತ ಏಳುತ್ತ ನಡುವಿನ ಫಾರ್ವರ್ಡನ್ನು ಎತ್ತಿ ಚಹಾದಲ್ಲಿ ಅದ್ದಿ ತಿಂದುಬಿಟ್ಟರು. ಅದು ನನ್ನ ಮಗಳು. ತಂದೆಯಾದ ನನಗೆ ಸ್ವಲ್ಪ ಸಂಕಟವೇ ಆಯಿತು.

ನನ್ನದು ಕೊಡುವವರ ತಪ್ಪು ಎನ್ನುವ ಪಕ್ಷ. ಕೊಡುವವರು ಎಂದರೆ ಮೈದಾನದ ನಡುವೆ ಆಡುವ ಸ್ವಪ್ನಾ. ತಂಡದ ಹಿಂದಿನಿಂದ ಬರುವ ಚೆಂಡೆಲ್ಲ ಅವಳ ಕಾಲಿಗೇ ಬರಬೇಕು, ಅಲ್ಲಿಂದ ಮುಂದಿನ ಮೂವರಿಗೆ ಹೋಗಬೇಕು. ಚೆಂಡು ಬಂದಾಗ ಆ ಹುಡುಗಿಯ ಕಾಲಲ್ಲಿ ಅದು ಸಾಕಿದ ಬೆಕ್ಕಿನಂತೆ ಓಡಾಡುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಇಬ್ಬರನ್ನು ದಾಟುತ್ತಾಳೆ, ತಲೆ ಎತ್ತಿ ನೋಡುತ್ತಾಳೆ, ವೈಶಾಲಿ ಖಾಲಿ ಜಾಗದಲ್ಲಿ ಕೈಯೆತ್ತಿ ನಿಂತಿರುತ್ತಾಳೆ. ಇನ್ನೇನು ಕೊಟ್ಟಳು ಎನ್ನುವಷ್ಟರಲ್ಲಿ, ಕೊಡುವುದಿಲ್ಲ. ಅಲ್ಲಿಂದಲೇ, ಅಷ್ಟು ದೂರದಿಂದಲೇ, ಗೋಲಿಗೆ ಗುರಿಯಿಟ್ಟು ಒದೆಯುತ್ತಾಳೆ. ಚೆಂಡು ಒಮ್ಮೆ ಕಂಬದ ಮೇಲೆ, ಒಮ್ಮೆ ಕಂಬದ ಪಕ್ಕ, ಒಮ್ಮೆ ಅಲ್ಲೇ ಹಿಂದೆ ಒಣಗಹಾಕಿದ ಯಾರದೋ ಚಾದರಿನ ಮೇಲೆ ಹೋಗಿ ಬೀಳುತ್ತದೆ. ಮಕ್ಕಳನ್ನು ಹೆತ್ತವರಿಗೆ ನನ್ನ ಕಷ್ಟ ಅರ್ಥವಾದೀತು. ನಿಮ್ಮ ಮಗಳು ಕೈಯೆತ್ತಿ ನಿಂತಿದ್ದಾಳೆ, ಎದುರಿಗಿರುವವಳು ನೋಡಿಯೂ ನೋಡದಂತೆ ಒದ್ದುಬಿಡುತ್ತಾಳೆ. ಲೈನಿನ ಹೊರಗೆ ನಿಂತ ನಾನು ಸುಮ್ಮನಿರುವುದು ಹೇಗೆ? ನನ್ನದು ಮೊದಲೇ ದೊಡ್ಡ ಗಂಟಲು. ಸ್ವಪ್ನಾಳ ಕಾಲಿಗೆ ಚೆಂಡು ಬಂದದ್ದೇ ತಡ, "ಕೊಡು, ಕೊಡು, ಕೊಡು" ಎಂದು ಮೈದಾನದ ಈ ಮೂಲೆಯಿಂದ ಆ ಮೂಲೆಯವರೆಗೆ ಅವಳ ಜೊತೆಗೇ ಓಡುತ್ತ ಕೂಗುತ್ತಿದ್ದೆ. ನಾನು ಕೂಗಿದಷ್ಟೂ ಅವಳು ಜೋರಾಗಿ ಒದೆಯುತ್ತಿದ್ದಳು. ಎಂಥ ಹಟಮಾರಿ ಹುಡುಗಿ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪಾಸು ಕೊಡುವುದರ ಮಹತ್ವ ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು, ಏಕೆಂದರೆ ನನ್ನ ಇಡೀ ನೌಕರಿ ನಿಂತಿರುವುದೇ ಅದರ ಮೇಲೆ. ನಮ್ಮ ಆಫೀಸಿನಲ್ಲಿ ಒಂದು ಫೈಲು ಬಂದರೆ ಅದನ್ನು ಯಾರೂ ಒಂದು ಗಳಿಗೆ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ನೋಡಿದ್ದೇನೆ ಎಂದು ಬರೆದು ಪಕ್ಕದವರಿಗೆ, ಅವರು ದಯವಿಟ್ಟು ಚರ್ಚಿಸಿ ಎಂದು ಬರೆದು ಮೇಲಿನವರಿಗೆ, ಅವರು ಹಿಂದಿನ ಟಿಪ್ಪಣಿ ನೋಡಿ ಎಂದು ಬರೆದು ಮತ್ತೆ ನನಗೆ. ಎಷ್ಟು ಚೆಂದದ ಪಾಸುಗಳು. ಗೋಲು ಹೊಡೆಯುವ ಯೋಚನೆ ಯಾರಿಗೂ ಬರುವುದಿಲ್ಲ, ಹೊಡೆದವನು ಜವಾಬುದಾರನಾಗುತ್ತಾನಲ್ಲ. ಈ ಅನುಭವದ ಬಲದಿಂದಲೇ ನಾನು ಖಲೀಲ್ ಭಾಯಿಯ ಹೋಟೆಲಿನಲ್ಲಿ ಒಂದು ಭಾನುವಾರ ಮೇಜು ಕುಟ್ಟಿ ಹೇಳಿದೆ, ಸ್ವಪ್ನಾಳನ್ನು ಈ ಸಲ ತಂಡದಿಂದ ಕೈಬಿಡಬೇಕು, ಪಾಸು ಕೊಡುವ ಬುದ್ಧಿ ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರುವಂಥದ್ದಲ್ಲ. ನರ್ಸಿಂಗ್ ಗಾರು ಬಹಳ ಹೊತ್ತು ಚಹಾ ಕಲಕಿದರು. ಪ್ರಾಕ್ಟೀಸಿನಲ್ಲಿ ನೀವು ಯಾರೂ ಇಲ್ಲದಾಗ ಚೆನ್ನಾಗಿಯೇ ಕೊಡುತ್ತಾಳೆ, ಪಂದ್ಯದ ದಿನವೇ ಏನೋ ಆಗುತ್ತದೆ, ತಿಳಿಯುತ್ತಿಲ್ಲ ಎಂದರು. "ಅದೇ ನಾನು ಹೇಳೋದು, ಜನ ನೋಡಾಕತ್ತಾರ ಅಂದ್ರ ಹೀರೋಯಿನ್ ಆಗಬೇಕನಸ್ತದ," ಎಂದೆ, ಅಂದರೆ ಅದನ್ನೇ ತೆಲುಗಿನಲ್ಲಿ ಹೇಳಿದೆ. ಮುಂದಿನ ಭಾನುವಾರ ತೀರ್ಮಾನ ಮಾಡೋಣ ಎಂದು ಎದ್ದರು.

ಈ ಸುದ್ದಿ ನಮ್ಮ ಮನೆಗೆ ನನಗಿಂತ ಮೊದಲೇ ಬಂದು ಕೂತಿತ್ತು. ವೈಶಾಲಿ ಬಾಗಿಲಲ್ಲೇ ಹಿಡಿದಳು.

"ಅಪ್ಪಾ, ಸ್ವಪ್ನಾನ್ನ ತಗೀಬೇಕು ಅಂದ್ಯಂತ?"

"ಹೌದು. ನಿನಗ ಪಾಸ್ ಕೊಡ್ತಾಳೇನು ಆಕಿ?"

"ಕೊಡಂಗಿಲ್ಲ. ಅದು ನನಗೂ ಆಕೀಗೂ ಬಿಟ್ಟದ್ದು. ಆಕಿ ಈ ಸೀಸನ್ ಸಲುವಾಗಿ ಕೊಂಡಾಪುರದ ಆಫೀಸಿನ್ಯಾಗ ಜಗಳ ಮಾಡಿ ಮಧ್ಯಾಹ್ನದ ಶಿಫ್ಟ್ ತಗೊಂಡಾಳ. ಮುಂಜಾನಿ ಪ್ರಾಕ್ಟೀಸ್ ತಪ್ಪಬಾರದಂತ. ನೀವು ತಗದ್ರ ಆಕಿ ಮುಂದ ಎಲ್ಲಿ ಆಡಬೇಕು? ಸುಮ್ನ ಚಹಾ ಕುಡದು ಬರೂದು ಬಿಟ್ಟು ಮಂದಿ ಹೊಟ್ಟಿ ಮ್ಯಾಲ ಯಾಕ ಹೊಡೀತಿ ನೀನು?"

ನಾನು ಕಮಿಟಿಯ ಘನತೆಯ ಬಗ್ಗೆ ಏನೋ ಹೇಳಲು ಹೋದೆ. ಒಳಗಿನಿಂದ ಹೆಂಡತಿ ಶಾರದಾ, "ನಿಮಗ ಮನ್ಯಾಗ ಉಪ್ಪಿನ ಡಬ್ಬಿ ಆ ಕಡೆಯಿಂದ ಈ ಕಡೆ ಪಾಸ್ ಮಾಡಾಕ ಬರಂಗಿಲ್ಲ, ಮಂದಿ ಹುಡುಗೀನ ಪರೀಕ್ಷಾ ಮಾಡ್ತೀರಿ," ಎಂದಳು. ನಮ್ಮ ಮನೆಯಲ್ಲಿ ಮತದಾನವಾದರೆ ನನಗೆ ಬೀಳುವುದು ನನ್ನದೊಂದೇ ವೋಟು. ಆದರೂ ನ್ಯಾಯ ನ್ಯಾಯವೇ ಎಂದು ಬಿಗಿಯಾಗಿಯೇ ಇದ್ದೆ.

ಅದೇ ವಾರ ಒಂದು ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಬರುವಾಗ ವೈಶಾಲಿ ಸ್ವಪ್ನಾಳನ್ನು ಮನೆಗೇ ಕರೆದುಕೊಂಡು ಬಂದಳು. ಅಪ್ಪನ ಎದುರಿಗೆ ಕೂಡಿಸಿ ಊಟ ಹಾಕಿದರೆ ಅಪ್ಪನ ಮನಸ್ಸು ಕರಗುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ತಾಯಿಯೂ ಅದರಲ್ಲಿ ಪಾಲುದಾರಳು ಎಂಬುದು ಅಡಿಗೆಮನೆಯಿಂದ ಬಂದ ಎಣ್ಣೆಗಾಯಿಯ ವಾಸನೆಯಿಂದಲೇ ತಿಳಿಯಿತು. ವಾರದ ನಡುವೆ ನನಗೊಬ್ಬನಿಗಾಗಿ ಎಂದೂ ಎಣ್ಣೆಗಾಯಿ ಆಗುವುದಿಲ್ಲ. ಹುಡುಗಿ ಗೋಡೆಗೆ ಒರಗಿ ತಟ್ಟೆ ಹಿಡಿದು ತಲೆ ತಗ್ಗಿಸಿ ಕೂತಿದ್ದಳು. ಮೈದಾನದಲ್ಲಿ ಇಬ್ಬರನ್ನು ದಾಟಿ ಹೋಗುವವಳು ಇಲ್ಲಿ ಬದನೆಕಾಯಿಯನ್ನು ದಾಟಲಾರದೆ ತುದಿಬೆರಳಲ್ಲಿ ಮುರಿಯುತ್ತಿದ್ದಳು. ನಾನು ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿ, ನ್ಯಾಯಾಧೀಶರು ಕೂಡುವ ಭಂಗಿಯಲ್ಲಿ ಕೂತಿದ್ದೆ. ಅವಳ ತಟ್ಟೆಯಲ್ಲಿ ರೊಟ್ಟಿ ಮುಗಿದಿತ್ತು. ಒಳಗೆ ಶಾರದಾ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳ, ಮೇಲೆ ಫ್ಯಾನಿನ ಸಪ್ಪಳ, ಆದ್ದರಿಂದ ಗಟ್ಟಿಯಾಗಿ ಕೂಗಿ ಹೇಳಿದಳು, "ಏನ್ರಿ, ಸುಮ್ನ ಕುಂತೀರಲ್ಲಾ, ಆ ಹುಡುಗೀಗೆ ಎರಡು ಕೊಡ್ರಿ."

ಸ್ವಪ್ನಾ ಥಟ್ಟನೆ ತಟ್ಟೆ ಕೆಳಗಿಟ್ಟು ಗೋಡೆಗೆ ಇನ್ನಷ್ಟು ಅಂಟಿಕೊಂಡಳು. ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. "ನನ್ನೆಂದುಕು ಕೊಟ್ಟಮಂಟುನ್ನರು ಆಂಟೀ?" ಎಂದಳು. ನನ್ನನ್ನು ಯಾಕೆ ಹೊಡೆಯಲು ಹೇಳುತ್ತಿದ್ದೀರಿ ಎಂದು.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ವೈಶಾಲಿಗೆ ಹೊಳೆಯಿತು, ಅವಳು ನೆಲದ ಮೇಲೆ ಉರುಳಾಡಿ ನಗತೊಡಗಿದಳು. ತೆಲುಗಿನಲ್ಲಿ 'ಕೊಟ್ಟು' ಎಂದರೆ ಹೊಡೆ. ಕೊಡು ಎನ್ನುವುದಕ್ಕೆ ಅವರದು ಬೇರೆಯೇ ಮಾತು, 'ಇಯ್ಯಿ.' ಶಾರದಾಳ 'ಕೊಡ್ರಿ' ಆ ಗದ್ದಲದಲ್ಲಿ ಅಡಿಗೆಮನೆಯಿಂದ ಹೊರಟು ಸ್ವಪ್ನಾಳ ಕಿವಿ ಮುಟ್ಟುವಷ್ಟರಲ್ಲಿ ಏಟಾಗಿತ್ತು. ಎರಡು ಕೊಡು ಎನ್ನುವ ಮಾತು ನಮ್ಮ ಕನ್ನಡದಲ್ಲೂ ಪೂರ್ತಿ ಸಾಧುವಲ್ಲ ಎಂಬುದು ಬೇರೆ ವಿಷಯ. ನಮ್ಮ ಕನ್ನಡದ ಮೇಷ್ಟರು ನನಗೆ ದಿನಾ ಎರಡು ಕೊಡುತ್ತಿದ್ದರು, ಅವು ರೊಟ್ಟಿಯಾಗಿರಲಿಲ್ಲ. ಶಾರದಾ ಹಿಟ್ಟಿನ ಕೈಯಲ್ಲೇ ಓಡಿ ಬಂದು, "ಅಯ್ಯ ನಮ್ಮವ್ವ, ರೊಟ್ಟಿ ಕೊಡ್ರಿ ಅಂದೆ ತಾಯಿ," ಎಂದು ತನ್ನ ಹರಕು ತೆಲುಗಿನಲ್ಲಿ ಸಮಾಧಾನ ಹೇಳಿದಳು. ಸ್ವಪ್ನಾಳೂ ನಕ್ಕಳು. ನಾನೂ ನಕ್ಕೆ. ಅಷ್ಟಕ್ಕೇ ಮುಗಿದಿದ್ದರೆ ಒಳ್ಳೆಯ ಬೆಳಗೇ ಆಗುತ್ತಿತ್ತು.

ನಗುತ್ತಿದ್ದ ಸ್ವಪ್ನಾ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದಳು. ನನ್ನ ಕಡೆ ತಿರುಗಿದಳು. "ಅಯಿತೇ ಅಂಕುಲ್, ಗ್ರೌಂಡ್‌ಲ ಮೀರು ಅಂಟರು ಕದಾ, ಕೊಟ್ಟು ಕೊಟ್ಟು ಅನಿ?" ಹಾಗಾದರೆ ಮೈದಾನದಲ್ಲಿ ನೀವು ಕೊಟ್ಟು ಕೊಟ್ಟು ಎಂದು ಕೂಗುತ್ತೀರಲ್ಲ, ಅದೇನು ಎಂದು ಕೇಳಿದಳು.

ಅವಳು ಯಾವ ವ್ಯಂಗ್ಯವೂ ಇಲ್ಲದೆ, ಬಹಳ ಮರ್ಯಾದೆಯಿಂದಲೇ ಬಿಡಿಸಿ ಹೇಳಿದಳು. ವೈಶಾಲಿ ಕೈಯೆತ್ತಿ 'ಇಯ್ಯಿ' ಎನ್ನುತ್ತಾಳಂತೆ. ಪಾಸು ಕೊಡಬೇಕೆಂದು ಇವಳು ಕಾಲು ಎತ್ತುತ್ತಾಳಂತೆ. ಅಷ್ಟರಲ್ಲಿ ಲೈನಿನ ಹೊರಗಿನಿಂದ ಕಮಿಟಿಯ ಅಂಕಲ್ಲು, ಅಷ್ಟು ದೊಡ್ಡ ದನಿಯಲ್ಲಿ, ಜೊತೆಗೇ ಓಡಿಬರುತ್ತ, ಹೊಡೆ ಹೊಡೆ ಹೊಡೆ ಎಂದು ಅಪ್ಪಣೆ ಮಾಡುತ್ತಾರಂತೆ. ಗೋಲು ದೂರವಿದೆ ಎಂದು ಅವಳಿಗೂ ಗೊತ್ತು. "ಪೆದ್ದೋಳ್ಳ ಮಾಟ ಇನಾಲೆ ಕದಾ ಅಂಕುಲ್," ಎಂದಳು. ದೊಡ್ಡವರ ಮಾತು ಕೇಳಬೇಕಲ್ಲವೇ. ಅದಕ್ಕೇ ಒದೆಯುತ್ತಿದ್ದಳಂತೆ. ಒದ್ದದ್ದು ಗೋಲಾಗದಿದ್ದಾಗ ನಾನು ತಲೆ ತಲೆ ಚಚ್ಚಿಕೊಳ್ಳುತ್ತಿದ್ದೆನಲ್ಲ, ಸಾಕಷ್ಟು ಜೋರಾಗಿ ಒದೆಯಲಿಲ್ಲವೆಂದು ಅಂಕಲ್ಲಿಗೆ ಸಿಟ್ಟು ಬಂದಿದೆ ಎಂದುಕೊಂಡು ಮುಂದಿನ ಸಲ ಇನ್ನೂ ಜೋರಾಗಿ ಒದೆಯುತ್ತಿದ್ದಳಂತೆ.

ಇಷ್ಟು ವರ್ಷ ತೆಲುಗು ನಾಡಿನಲ್ಲಿದ್ದು, ಇಡೀ ದಿನ ತೆಲುಗು ಮಾತಾಡಿ, ಕೊಟ್ಟು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿಲ್ಲದ್ದು ನನ್ನ ಗಂಟಲು ಬೇರೆಯವರ ಕಿವಿಯಲ್ಲಿ ಏನಾಗುತ್ತದೆ ಎನ್ನುವುದು. ಆಫೀಸಿನಲ್ಲಿ ಯೋಚಿಸಿ ತೆಲುಗು ಮಾತಾಡುತ್ತೇನೆ. ಮಗಳು ಕೈಯೆತ್ತಿ ನಿಂತಾಗ ಯಾರು ಯೋಚಿಸುತ್ತಾರೆ? ಆಗ ಬಾಯಿಗೆ ಬರುವುದು ಬೀದರಿನದೇ. ಸಿಟ್ಟಿನಲ್ಲಿ ಕೂಗುವಾಗ ನನ್ನ ಡಕಾರ ಗಟ್ಟಿಯಾಗಿ ಟಕಾರವಾಗುತ್ತದೆ ಎಂದು ಶಾರದಾ ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾಳೆ. ಅವಳು ಹೇಳಿದ್ದನ್ನೆಲ್ಲ ಕೇಳುತ್ತ ಕೂತರೆ ಆಫೀಸಿಗೆ ಹೋಗುವುದು ಯಾವಾಗ ಎಂದು ಬಿಟ್ಟಿದ್ದೆ. ವೈಶಾಲಿಗೂ ಹೊಳೆದಿರಲಿಲ್ಲ, ಅವಳಿಗೆ ನನ್ನ 'ಕೊಡು' ಕೊಡು ಎಂದೇ ಕೇಳಿಸುತ್ತಿತ್ತು. ಆ ಹುಡುಗಿ ಮತ್ತೆ ತಟ್ಟೆ ಎತ್ತಿಕೊಂಡು ನೆಮ್ಮದಿಯಿಂದ ಊಟ ಮಾಡಿದಳು. ನನಗೆ ಮಾತ್ರ ನಿಜವಾಗಿಯೂ ನಾಚಿಕೆಯಾಯಿತು. ಹೇಳಿದಂತೆ ಕೇಳಿದ್ದಕ್ಕೆ ಅವಳನ್ನು ತಂಡದಿಂದ ಹೊರಹಾಕಿಸಲು ನಾನು ಮೇಜು ಕುಟ್ಟಿ ಬಂದಿದ್ದೆ.

ಭಾನುವಾರ ಹೋಟೆಲಿಗೆ ಹೋಗುವಾಗ ದಾರಿಯುದ್ದಕ್ಕೂ ಯೋಚಿಸಿದೆ. ನಡೆದದ್ದನ್ನು ಹೇಳದೆಯೇ ಹುಡುಗಿಯನ್ನು ಉಳಿಸಲು ಸಾಧ್ಯವಿಲ್ಲವೇ? ಆಫೀಸಿನಲ್ಲಿ ಹಿಂದೆ ಬರೆದ ಟಿಪ್ಪಣಿಗೆ ವಿರುದ್ಧವಾಗಿ, ಹಿಂದಿನದೂ ಸರಿಯೆನ್ನುವಂತೆ ಟಿಪ್ಪಣಿ ಬರೆಯುವುದು ನನಗೆ ಹೊಸದಲ್ಲ. ಹಾಗಾಗಿ ಕೂತ ಕೂಡಲೇ ಶುರುಮಾಡಿದೆ. ದೂರದಿಂದ ಒದೆಯುವುದೂ ಒಂದು ಕಲೆ, ಎದುರಾಳಿಗಳಿಗೆ ಅದು ತಿಳಿಯುವುದಿಲ್ಲ, ಇಂಥ ಧೈರ್ಯದ ಹುಡುಗಿ ತಂಡದಲ್ಲಿ ಒಬ್ಬಳಾದರೂ ಇರಬೇಕು. ಖಲೀಲ್ ಭಾಯಿ ಬಾಯಲ್ಲಿಟ್ಟ ಬಿಸ್ಕತ್ತನ್ನು ಜಗಿಯುವುದು ನಿಲ್ಲಿಸಿ ನನ್ನನ್ನು ನೋಡಿದರು. "ಕ್ಯಾ ಹುವಾ ಪಾಟೀಲ್ ಸಾಬ್, ತಬಿಯತ್ ಠೀಕ್ ಹೈ ನಾ?" ಎಂದು ನನ್ನ ಆರೋಗ್ಯ ವಿಚಾರಿಸಿದರು. ನರ್ಸಿಂಗ್ ಗಾರು ಹೋದ ವಾರ ನಾನು ಹೇಳಿದ್ದನ್ನೆಲ್ಲ ಮೆತ್ತಗೆ ಒಂದೊಂದಾಗಿ ನೆನಪಿಸಿದರು. ಅವರಿಗೂ ಯೋಚಿಸಿ ಯೋಚಿಸಿ ನನ್ನ ಮಾತೇ ಸರಿ ಅನ್ನಿಸಿದೆಯಂತೆ. ಸ್ವಪ್ನಾಳ ಜಾಗಕ್ಕೆ ಬೇರೆ ಹುಡುಗಿಯನ್ನು ನೋಡಿಯೂ ಆಗಿದೆಯಂತೆ. ಸಂಜೆ ಅವಳಿಗೆ ಹೇಳಿಬಿಡುತ್ತೇನೆ ಎಂದರು. ಜೀವನದಲ್ಲಿ ಮೊದಲ ಸಲ ನನ್ನ ವಾದ ಯಾರಿಗಾದರೂ ಒಪ್ಪಿಗೆಯಾಗಿತ್ತು, ಅದೂ ಇಂಥ ಹೊತ್ತಿನಲ್ಲಿ.

ಹೇಳದೆ ವಿಧಿಯಿರಲಿಲ್ಲ. ರೊಟ್ಟಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಖಲೀಲ್ ಭಾಯಿ ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ಆಮೇಲೆ ಗಲ್ಲಾದಲ್ಲಿದ್ದವರನ್ನು, ಚಹಾ ಮಾಡುವವರನ್ನು, ಪಕ್ಕದ ಮೇಜಿನಲ್ಲಿ ತಮ್ಮ ಪಾಡಿಗೆ ಸಮೋಸ ತಿನ್ನುತ್ತಿದ್ದವರನ್ನು ಕರೆದು, ಇನ್ನೊಂದು ಸಲ ಹೇಳಿ ಸಾಬ್ ಎಂದು ನನ್ನಿಂದಲೇ ಹೇಳಿಸಿದರು. ಪ್ರತಿ ಸಲವೂ ಮೈದಾನದಲ್ಲಿ ಕೂಗುವ ದನಿಯಲ್ಲೇ ಕೂಗಿ ತೋರಿಸಬೇಕಾಯಿತು. ಕೇಳಿದವರೆಲ್ಲ ಒಕ್ಕೊರಲಿನಿಂದ, ಇದು ಕೊಟ್ಟು ಅಂತಲೇ ಕೇಳುತ್ತದೆ, ಅನುಮಾನವೇ ಇಲ್ಲ ಎಂದು ಸಾಕ್ಷಿ ಹೇಳಿದರು. ನರ್ಸಿಂಗ್ ಗಾರು ಮಾತ್ರ ನಗಲಿಲ್ಲ. ಲೇತ್ ಯಂತ್ರದಲ್ಲಿ ಸದ್ದು ಬಂದರೆ ಯಾವ ಭಾಗ ಸಡಿಲವಾಗಿದೆ ಎಂದು ಹುಡುಕುವವರ ಮುಖ ಮಾಡಿಕೊಂಡು ಕೂತಿದ್ದರು. ಕೊನೆಗೆ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: "ಸ್ವಪ್ನ ಉಂಟದಿ. ಮೀರು ವದ್ದು." ಸ್ವಪ್ನಾ ಇರುತ್ತಾಳೆ, ನೀವು ಬೇಡ ಎಂದು. ವದ್ದು ಎಂದರೆ ತೆಲುಗಿನಲ್ಲಿ ಬೇಡ ಎಂದಷ್ಟೇ. ಕನ್ನಡದ ಕಿವಿಗೆ ಮಾತ್ರ ಒದ್ದ ಹಾಗೆಯೇ ಕೇಳಿಸುತ್ತದೆ.

ಹೀಗೆ ಸೀಸನ್ ಶುರುವಾಗುವ ಮುಂಚೆ ನಮ್ಮ ತಂಡದಲ್ಲಿ ಆದ ಬದಲಾವಣೆ ಒಂದೇ, ನನ್ನನ್ನು ಕೈಬಿಟ್ಟದ್ದು. ಬಹಳ ಬೇಡಿಕೊಂಡ ಮೇಲೆ ಎರಡು ಷರತ್ತಿನ ಮೇಲೆ ಮೈದಾನದ ಬಳಿ ಬರಲು ಅಪ್ಪಣೆಯಾಯಿತು. ಬಾಯಿ ತೆರೆಯಬಾರದು. ತೆರೆಯಲೇಬೇಕಾಗಿ ಬಂದರೆ ಶುದ್ಧ ತೆಲುಗಿನಲ್ಲಿ ತೆರೆಯಬೇಕು. ಕೆಲಸವೊಂದಿರಲೆಂದು ರಸ್ತೆಯ ಕಡೆಯ ಲೈನಿನ ಹೊರಗೆ ಹೋದ ಚೆಂಡನ್ನು ಹಿಡಿದು ವಾಪಸು ಕೊಡುವ ಹೊಣೆ ನನಗೆ ಬಂತು. ಕೊಡುವವರು ಹೇಗೆ ಕೊಡಬೇಕೆಂದು ತಿಂಗಳುಗಟ್ಟಲೆ ಚರ್ಚಿಸಿದವನು ಈಗ ತಾನೇ ಕೊಡುವವನಾದೆ. ಷರತ್ತನ್ನು ನಾನು ಶ್ರದ್ಧೆಯಿಂದಲೇ ಪಾಲಿಸಿದೆ. ತಪ್ಪಿಯೂ ಕನ್ನಡ ಬರಬಾರದೆಂದು ಮನೆಯಲ್ಲೂ ತೆಲುಗು ಅಭ್ಯಾಸ ಮಾಡಿದೆ. ಸ್ನಾನ ಮಾಡುವಾಗ ಇಯ್ಯಿ, ಇಯ್ಯಿ ಎಂದುಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ "ಉಪ್ಪು ಇಯ್ಯಿ" ಎಂದೆ. ಶಾರದಾ ಸೌಟು ಹಿಡಿದು ಹಾಗೇ ನಿಂತಳು. "ಹೊಸ್ತಿಲೊಳಗ ಕನ್ನಡ ಅಂತ ಕಾನೂನು ಮಾಡಿದವರು ನೀವ ಅಲ್ಲೇನ್ರಿ? ಉಪ್ಪು ಬೇಕಂದ್ರ ಕನ್ನಡದಾಗ ಕೇಳ್ರಿ." ಆ ತಿಂಗಳು ನಾನು ಸಾಕಷ್ಟು ಸಪ್ಪೆ ಊಟ ಮಾಡಿದೆ. ಆದರೆ ಕಿವಿ, ನಾಲಿಗೆ ಎರಡೂ ಪಳಗಿದವು. ಮೈದಾನದ ಹತ್ತಿರ ಬಂದರೆ ಸಾಕು, ಕೇಳಿಸುವುದೆಲ್ಲ ತೆಲುಗಾಗಿಯೇ ಕೇಳಿಸುವ ಮಟ್ಟಕ್ಕೆ ಬಂದಿದ್ದೆ.

ಇತ್ತ ಸ್ವಪ್ನಾ ನಮ್ಮ ಮನೆಗೆ ಮೇಲಿಂದ ಮೇಲೆ ಬರತೊಡಗಿದ್ದಳು. ಶಾರದಾಳ ರೊಟ್ಟಿ ಅವಳಿಗೆ ಹಿಡಿಸಿತ್ತು, ಶಾರದಾಳಿಗೆ ಅವಳು ಹಿಡಿಸಿದ್ದಳು. ಅಡಿಗೆಮನೆಯಲ್ಲಿ ಇಬ್ಬರೂ ಏನೋ ಗುಸುಗುಸು ಮಾತಾಡಿ ನಗುತ್ತಿದ್ದರು. ನಾನು ಆ ಕಡೆ ಗಮನ ಕೊಡಲಿಲ್ಲ.

ಸೀಸನ್ನಿನ ಮೊದಲ ಪಂದ್ಯ ನಮ್ಮ ಮೈದಾನದಲ್ಲೇ ಆಯಿತು. ನಾನು ಬಾಯಲ್ಲಿ ಏಲಕ್ಕಿ ಹಾಕಿಕೊಂಡು ರಸ್ತೆಯ ಕಡೆಯ ಲೈನಿನಲ್ಲಿ ನಿಂತಿದ್ದೆ. ಬಂದಿದ್ದವರೆಲ್ಲ ಕೂಗುತ್ತಿದ್ದರು, ನಾನೊಬ್ಬನೇ ಮೂಕ. ಏನು ಹೇಳಲಿ ನಿಮಗೆ, ಆ ಹುಡುಗಿ ಎಷ್ಟು ಚೆನ್ನಾಗಿ ಪಾಸು ಕೊಟ್ಟಳು. ಎಡಕ್ಕೆ, ಬಲಕ್ಕೆ, ಎದುರಾಳಿಯ ಕಾಲುಗಳ ನಡುವೆ, ಚೆಂಡು ಎಲ್ಲಿ ಬೇಕೋ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ವೈಶಾಲಿ ಕೈಯೆತ್ತುವುದೇ ತಡ, ಚೆಂಡು ಅವಳ ಮುಂದೆ. ಮೊದಲರ್ಧದಲ್ಲೇ ಸ್ವಪ್ನಾ ಕೊಟ್ಟ ಪಾಸಿಗೆ ವೈಶಾಲಿ ಗೋಲು ಹೊಡೆದಳು. ಇಬ್ಬರೂ ಅಪ್ಪಿಕೊಂಡು ಕುಣಿದರು. ನನ್ನ ಕಣ್ಣು ಒದ್ದೆಯಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ಲೋಕಕ್ಕೆ ಇಷ್ಟು ಉಪಕಾರವಾಗುತ್ತದೆ ಎಂದು ಗೊತ್ತಿದ್ದರೆ ಎಂದೋ ಮುಚ್ಚುತ್ತಿದ್ದೆ. ಆಮೇಲೆ ಅವರೂ ಒಂದು ಗೋಲು ಹೊಡೆದು ಸಮ ಮಾಡಿದರು.

ಪಂದ್ಯ ಮುಗಿಯುತ್ತ ಬಂದಿತ್ತು. ನಮ್ಮವರೇ ಒತ್ತಿ ಆಡುತ್ತಿದ್ದರು, ಎದುರಾಳಿಗಳು ಸುಸ್ತಾಗಿ ಚದುರಿಹೋಗಿದ್ದರು. ಅವರಲ್ಲೊಬ್ಬಳು ಗಾಬರಿಯಿಂದ ಚೆಂಡನ್ನು ಹೊರಗೆ ಹಾಕಿದಳು. ಅದು ಉರುಳುತ್ತ ಉರುಳುತ್ತ ನನ್ನ ಬಳಿಗೇ ಬಂತು. ನಾನು ಕಾಲು ಮುಂದಿಟ್ಟೆ, ಚೆಂಡು ಕಾಲಿಗೆ ಬಂದು ನಿಂತಿತು. ಜನ್ಮದಲ್ಲಿ ಮೊದಲ ಸಲ ಒಂದು ಚೆಂಡು ನನ್ನ ಮಾತು ಕೇಳಿತ್ತು. ವೈಶಾಲಿ ಗೋಲಿನ ಎದುರು ಒಬ್ಬಳೇ, ಸುತ್ತ ಯಾರೂ ಇಲ್ಲ. ಬೇಗ ಚೆಂಡು ಕೈಗೆ ಸಿಕ್ಕರೆ, ಬೇಗ ಎಸೆದರೆ, ಗೋಲು ಬಿದ್ದ ಹಾಗೆಯೇ. ಸ್ವಪ್ನಾ ಎರಡೂ ಕೈ ಚಾಚಿಕೊಂಡು ನನ್ನತ್ತ ಓಡಿಬಂದಳು. ಓಡುತ್ತಲೇ, ಶಾರದಾ ಇಷ್ಟು ದಿನ ಅಡಿಗೆಮನೆಯಲ್ಲಿ ಕಲಿಸಿದ್ದನ್ನೆಲ್ಲ ಒಟ್ಟುಗೂಡಿಸಿ, ಕನ್ನಡದ ಅಂಕಲ್ಲಿಗೆ ಕನ್ನಡದಲ್ಲೇ ಹೇಳಬೇಕೆಂಬ ಪ್ರೀತಿಯಿಂದ ಕೂಗಿದಳು.

"ಅಂಕಲ್, ಕೊಡ್ರಿ, ಕೊಡ್ರಿ, ಕೊಡ್ರಿ."

ನಾನು ಹೊಡೆದೆ. ಇಡೀ ಜೀವಮಾನದಲ್ಲಿ ಒದೆಯದೆ ಉಳಿಸಿಕೊಂಡದ್ದನ್ನೆಲ್ಲ ಸೇರಿಸಿ ಹೊಡೆದೆ. ಚೆಂಡು ಸ್ವಪ್ನಾಳ ತಲೆಯ ಮೇಲೆ ಹೋಗಲಿಲ್ಲ, ಮೈದಾನದ ಕಡೆಗೂ ಹೋಗಲಿಲ್ಲ. ನನ್ನ ಕಾಲಿಗೆ ಒಗ್ಗಿದ ದಿಕ್ಕಿನಲ್ಲಿ, ಪಕ್ಕದ ಗೋಡೆಯನ್ನು ದಾಟಿ, ವರ್ಕ್‌ಶಾಪುಗಳಿಂದ ಗುಜರಿ ಕಬ್ಬಿಣ ತುಂಬಿಕೊಂಡು ಹೊರಟಿದ್ದ ಲಾರಿಯೊಂದರಲ್ಲಿ ಬಿದ್ದು, ಅದರ ಜೊತೆಗೇ ಹೊರಟುಹೋಯಿತು. ಬೇರೆ ಚೆಂಡು ತಂದು, ಗಾಳಿ ನೋಡಿ, ಆಟ ಶುರುಮಾಡುವಷ್ಟರಲ್ಲಿ ಎದುರಾಳಿಗಳೆಲ್ಲ ನೀರು ಕುಡಿದು ವೈಶಾಲಿಯ ಸುತ್ತ ಬಂದು ನಿಂತಿದ್ದರು. ಪಂದ್ಯ ಸಮನಾಗಿಯೇ ಮುಗಿಯಿತು.

ಹುಡುಗಿಯರು ಯಾರೂ ನನಗೆ ಏನೂ ಅನ್ನಲಿಲ್ಲ, ದೊಡ್ಡವರಲ್ಲವೇ. ಖಲೀಲ್ ಭಾಯಿ ಲಾರಿ ಹೋದ ದಾರಿಯನ್ನೇ ನೋಡುತ್ತಿದ್ದರು. ನರ್ಸಿಂಗ್ ಗಾರು ನನ್ನನ್ನು ನೋಡದಿರಲು ಪ್ರಯತ್ನಿಸುತ್ತಿದ್ದರು. ಸ್ವಪ್ನಾ ಒಬ್ಬಳೇ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು. ಕನ್ನಡದಲ್ಲಿ ತಪ್ಪಿಲ್ಲದಂತೆ ಮನಸ್ಸಿನಲ್ಲೇ ಒಮ್ಮೆ ಜೋಡಿಸಿಕೊಂಡು ಕೇಳಿದಳು.

"ಅಂಕಲ್, ನೀವ್ಯಾಕ ಪಾಸ್ ಕೊಡಂಗಿಲ್ರಿ?"